ಪೊಲೀಸರ ಕೆಲಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸುವಾಗ: ಕಾನೂನು ಎಲ್ಲಿ ನಿಂತಿದೆ, ನೀವು ಎಲ್ಲಿ ನಿಲ್ಲಬೇಕು

ಸನ್ನದು ಪಡೆದು ವಕೀಲಿಕೆ ಆರಂಭಿಸಿದ ಮೊದಲ ವರ್ಷದ ಒಂದು ಸಂಜೆ, ಜಿಲ್ಲಾ ಕೇಂದ್ರವೊಂದರ ವೃತ್ತದಲ್ಲಿ ಇಬ್ಬರು ಪೊಲೀಸರು ತರಕಾರಿ ಮಾರುವವನೊಬ್ಬನನ್ನು ಪಾದಚಾರಿ ಮಾರ್ಗದಿಂದ ಎಬ್ಬಿಸುತ್ತಿದ್ದರು. ಎಬ್ಬಿಸುವುದು ಅವರ ಕೆಲಸವೇ ಇರಬಹುದು. ಆದರೆ ಅವನ ತಕ್ಕಡಿಯನ್ನು ಕಿತ್ತು ಚರಂಡಿಗೆ ಎಸೆದದ್ದು ಯಾವ ಕೆಲಸದ ಭಾಗವೆಂದು ನನಗೆ ತಿಳಿಯಲಿಲ್ಲ. ಮೊಬೈಲ್ ತೆಗೆದು ಚಿತ್ರೀಕರಿಸತೊಡಗಿದೆ. ಇಪ್ಪತ್ತು ಸೆಕೆಂಡ್ ಕಳೆದಿರಲಿಲ್ಲ, ಮುಖ್ಯ ಪೇದೆಯೊಬ್ಬರು ಹತ್ತಿರ ಬಂದು, ‘ಯಾರನ್ನ ಕೇಳಿ ವಿಡಿಯೊ ಮಾಡ್ತಿದೀರಾ? ಯಾವ ಕಾನೂನಲ್ಲಿದೆ ತೋರಿಸಿ’ ಎಂದರು. ಚೀಲದಲ್ಲಿ ಕಪ್ಪು ಕೋಟು ಇಟ್ಟುಕೊಂಡಿದ್ದ ನನಗೆ ಬಾಯಿಗೆ ಒಂದು ಕಲಮೂ ಬರಲಿಲ್ಲ. ಮೊಬೈಲ್ ಜೇಬು ಸೇರಿತು.

ಆ ಪ್ರಶ್ನೆಯೇ ತಲೆಕೆಳಗಾಗಿತ್ತು ಎಂಬುದು ಆಮೇಲೆ ಅರ್ಥವಾಯಿತು. ಒಬ್ಬರನ್ನು ತಡೆದು ನಿಲ್ಲಿಸಲು, ಜೇಬು ಶೋಧಿಸಲು, ವಸ್ತುವನ್ನು ವಶಪಡಿಸಿಕೊಳ್ಳಲು ಅಧಿಕಾರವಿದೆಯೆಂದು ತೋರಿಸಬೇಕಾದವರು ಪೊಲೀಸರೇ ಹೊರತು, ಸಾರ್ವಜನಿಕ ರಸ್ತೆಯಲ್ಲಿ ನಿಂತು ಎಲ್ಲರ ಕಣ್ಣಿಗೂ ಕಾಣುತ್ತಿರುವುದನ್ನು ಕ್ಯಾಮೆರಾದಲ್ಲಿ ಹಿಡಿಯುವ ನಾಗರಿಕನು ಅನುಮತಿಪತ್ರ ತೋರಿಸಬೇಕಾಗಿಲ್ಲ. ಕಾನೂನು ನಿಷೇಧಿಸದ ಕೆಲಸವನ್ನು ಮಾಡಲು ನಾಗರಿಕನಿಗೆ ಬೇರೆ ಕಾನೂನು ಬೇಕಿಲ್ಲ. ಕಾನೂನು ಕೊಡದ ಅಧಿಕಾರವನ್ನು ಅಧಿಕಾರಿ ಚಲಾಯಿಸುವಂತಿಲ್ಲ. ಇಷ್ಟು ತಿಳಿದಿದ್ದರೆ ಅಂದು ನಾಲ್ಕು ಮಾತನ್ನಾದರೂ ಆಡಬಹುದಿತ್ತು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ‘ನಾಗರಿಕರು ಪೊಲೀಸರನ್ನು ಚಿತ್ರೀಕರಿಸಬಹುದು’ ಎಂದು ನೇರವಾಗಿ ಹೇಳುವ ಕಲಮು ಕೇಂದ್ರದ ಕಾನೂನಿನಲ್ಲಾಗಲಿ ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಾಗಲಿ ಇಲ್ಲ. ಹಾಗಾಗಿ ಹಕ್ಕಿದೆ ಎಂದು ಅಬ್ಬರಿಸುವುದರಿಂದ ಪ್ರಯೋಜನ ಕಡಿಮೆ; ಆ ಹಕ್ಕು ಯಾವ ಆಧಾರದ ಮೇಲೆ ನಿಂತಿದೆ, ಎಲ್ಲಿ ಮುಗಿಯುತ್ತದೆ, ತೆಗೆದ ವಿಡಿಯೊವನ್ನು ನ್ಯಾಯಾಲಯದವರೆಗೆ ಹೇಗೆ ಮುಟ್ಟಿಸಬೇಕು ಎಂಬುದನ್ನು ಅರಿತಿರುವುದು ಹೆಚ್ಚು ಉಪಯುಕ್ತ.

ಹಕ್ಕಿನ ಆಧಾರ

ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೆ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. ಮಾಹಿತಿಯನ್ನು ಪಡೆಯುವ ಮತ್ತು ಹಂಚುವ ಹಕ್ಕೂ ಅದರೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಈ ಸ್ವಾತಂತ್ರ್ಯಕ್ಕೆ ಮಿತಿ ಹಾಕಬೇಕಾದರೆ 19(2)ನೇ ವಿಧಿ ಹೇಳಿರುವ ಕಾರಣಗಳಿಗಾಗಿ, ಅದೂ ಶಾಸನಬದ್ಧವಾದ ಕಾನೂನಿನ ಮೂಲಕವೇ ಹಾಕಬೇಕು. ‘ಮೇಲಿನವರು ಹೇಳಿದ್ದಾರೆ’ ಎಂಬುದು ಕಾನೂನಲ್ಲ. ಉತ್ತರ ಪ್ರದೇಶದ ಪೊಲೀಸ್ ನಿಯಮಾವಳಿಗೆ ಶಾಸನದ ಆಧಾರವಿಲ್ಲವಾದ್ದರಿಂದ ಅದರ ಬಲದಿಂದ ಮೂಲಭೂತ ಹಕ್ಕನ್ನು ಮೊಟಕುಗೊಳಿಸಲಾಗದು ಎಂದು 1962ರಲ್ಲೇ ಖರಕ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

‘ನನ್ನ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ, ನನ್ನ ಮುಖ ತೆಗೆಯಬೇಡಿ’ ಎಂದು ಸಮವಸ್ತ್ರದಲ್ಲಿರುವ ಅಧಿಕಾರಿ ಹೇಳಿದರೆ ಅದಕ್ಕೆ ಉತ್ತರ 1994ರ ಆರ್. ರಾಜಗೋಪಾಲ್ ವಿರುದ್ಧ ತಮಿಳುನಾಡು ಸರ್ಕಾರ ಪ್ರಕರಣದಲ್ಲಿದೆ. ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನ ಆತ್ಮಕಥೆಯನ್ನು ತಮಿಳು ಪತ್ರಿಕೆಯೊಂದು ಪ್ರಕಟಿಸುವುದನ್ನು ಅಧಿಕಾರಿಗಳು ತಡೆಯಲು ಹೋದಾಗ ಎದ್ದ ಪ್ರಶ್ನೆ ಅದು. ಖಾಸಗಿತನದ ಹಕ್ಕನ್ನು ಒಪ್ಪಿಕೊಂಡ ಅದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಅಧಿಕಾರಿಗಳು ತಮ್ಮ ಕರ್ತವ್ಯಕ್ಕೆ ಸಂಬಂಧಿಸಿದ ನಡೆಯ ವಿಷಯದಲ್ಲಿ ಆ ಹಕ್ಕನ್ನು ಗುರಾಣಿಯಾಗಿ ಹಿಡಿಯುವಂತಿಲ್ಲ ಎಂದಿತು. ಕರ್ತವ್ಯಕ್ಕೆ ಸಂಬಂಧಿಸಿದ ನಡೆ ಎಂಬ ಮಾತನ್ನು ಗಮನಿಸಿ. ಅದೇ ಅಧಿಕಾರಿ ಊಟದ ಹೊತ್ತಿನಲ್ಲಿ ಹೆಂಡತಿಗೆ ಫೋನ್ ಮಾಡುತ್ತಿರುವುದನ್ನು ತೆಗೆದರೆ ಈ ತೀರ್ಪು ನಿಮ್ಮ ನೆರವಿಗೆ ಬರುವುದಿಲ್ಲ.

ಈ ವಿಷಯದಲ್ಲಿ ನಮ್ಮ ನೆರೆಯ ಕೇರಳ ಒಂದು ಹೆಜ್ಜೆ ಮುಂದಿದೆ. ಕೇರಳ ಪೊಲೀಸ್ ಕಾಯ್ದೆ 2011ರ 33ನೇ ಕಲಮಿನ ಎರಡನೆಯ ಉಪಕಲಮು, ಪೊಲೀಸರ ಕಾರ್ಯಾಚರಣೆಯನ್ನು ಸಾರ್ವಜನಿಕರು ಕಾನೂನುಬದ್ಧವಾಗಿ ಧ್ವನಿಮುದ್ರಣ ಅಥವಾ ಚಿತ್ರೀಕರಣ ಮಾಡುವುದನ್ನು ಪೊಲೀಸ್ ಅಧಿಕಾರಿ ತಡೆಯಬಾರದು ಎಂದು ಬರೆದಿಟ್ಟಿದೆ. ಕಾಸರಗೋಡಿನ ಕನ್ನಡಿಗನಿಗೆ ‘ಯಾವ ಕಾನೂನಲ್ಲಿದೆ’ ಎಂಬ ಪ್ರಶ್ನೆ ಎದುರಾದರೆ ಕಲಮಿನ ಸಂಖ್ಯೆಯನ್ನೇ ಹೇಳಬಹುದು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಸಂವಿಧಾನದ ಮಾತು ಆಡಬೇಕು. ಕರ್ನಾಟಕದ ಕಾಯ್ದೆಗೂ ಅಂಥದೊಂದು ಸಾಲು ಸೇರಿಸಲು ಇಷ್ಟು ವರ್ಷ ಯಾರಿಗೂ ಏಕೆ ತೋಚಲಿಲ್ಲವೋ ಕಾಣೆ.

ಠಾಣೆಯ ಹೊಸ್ತಿಲಿನ ಒಳಗೆ

ರಸ್ತೆಗಿಂತ ಠಾಣೆಯ ಒಳಗೆ ವಿಷಯ ಸೂಕ್ಷ್ಮವಾಗುತ್ತದೆ. ಅಲ್ಲಿ ವಿಡಿಯೊ ತೆಗೆದವರ ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯಡಿ, ಅಂದರೆ ಗೂಢಚಾರಿಕೆಯ ಕಾನೂನಿನಡಿ, ಪ್ರಕರಣ ದಾಖಲಿಸಿದ್ದುಂಟು. ಮಹಾರಾಷ್ಟ್ರದ ವಾರ್ಧಾದಲ್ಲಿ ನೆರೆಯವರೊಂದಿಗಿನ ಜಗಳದ ವಿಷಯವಾಗಿ ಠಾಣೆಗೆ ಹೋದ ವ್ಯಕ್ತಿಯೊಬ್ಬರು ಅಲ್ಲಿನ ಮಾತುಕತೆಯನ್ನು ಚಿತ್ರೀಕರಿಸಿದರೆಂದು 2018ರಲ್ಲಿ ಹೀಗೆಯೇ ಮಾಡಲಾಗಿತ್ತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರ ಜುಲೈನಲ್ಲಿ ಆ ಪ್ರಕರಣವನ್ನು ರದ್ದುಪಡಿಸಿತು. ಕಾಯ್ದೆಯ 2(8)ನೇ ಕಲಮಿನ ‘ನಿಷೇಧಿತ ಸ್ಥಳ’ದ ವ್ಯಾಖ್ಯೆಯಲ್ಲಿ ಸೇನಾ ನೆಲೆ, ಶಸ್ತ್ರಾಗಾರ ಮುಂತಾದವುಗಳಿವೆಯೇ ಹೊರತು ಪೊಲೀಸ್ ಠಾಣೆ ಇಲ್ಲ, ಆದ್ದರಿಂದ ಠಾಣೆಯಲ್ಲಿ ವಿಡಿಯೊ ತೆಗೆಯುವುದು ಆ ಕಾಯ್ದೆಯಡಿ ಅಪರಾಧವಾಗದು ಎಂಬುದು ಪೀಠದ ತರ್ಕ. 2024ರಲ್ಲಿ ಅದೇ ಹೈಕೋರ್ಟಿನ ಔರಂಗಾಬಾದ್ ಪೀಠವೂ ಇದೇ ನಿಲುವು ತಳೆಯಿತು.

ಬಾಂಬೆ ಹೈಕೋರ್ಟಿನ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಕಾಯ್ದೆ ಇಡೀ ದೇಶಕ್ಕೆ ಒಂದೇ, ವ್ಯಾಖ್ಯೆಯ ಪದಗಳೂ ಒಂದೇ. ಹಾಗಾಗಿ ಇಲ್ಲಿ ಅದನ್ನು ಮುಂದಿಟ್ಟರೆ ತೂಕ ಇದ್ದೇ ಇರುತ್ತದೆ. ಇನ್ನೊಂದು ಮಾತು: ತೀರ್ಪು ಹೇಳಿರುವುದು ಗೂಢಚಾರಿಕೆಯ ಅಪರಾಧವಾಗದು ಎಂದೇ ಹೊರತು, ಠಾಣೆಯ ಯಾವ ಕೋಣೆಗಾದರೂ ಮೊಬೈಲ್ ಹಿಡಿದು ನುಗ್ಗಬಹುದು ಎಂದಲ್ಲ. ನಿಮ್ಮ ದೂರು ಸ್ವೀಕರಿಸುತ್ತಿರುವ ಮೇಜಿನ ಮುಂದಿನ ಮಾತುಕತೆ ಬೇರೆ, ಲಾಕಪ್ಪಿನಲ್ಲಿರುವ ಅಪರಿಚಿತನ ಮುಖ ಬೇರೆ.

ಠಾಣೆಯ ಗೋಡೆಯ ಮೇಲೆ ‘ಮೊಬೈಲ್ ಬಳಕೆ ನಿಷೇಧಿಸಲಾಗಿದೆ’ ಎಂಬ ಫಲಕ ಇದ್ದರೆ ಏನು ಮಾಡಬೇಕು? ಅಲ್ಲೇ ನಿಂತು ಖರಕ್ ಸಿಂಗ್ ತೀರ್ಪು ವಿವರಿಸಲು ಹೋಗಬೇಡಿ ಎಂಬುದು ನನ್ನ ಸಲಹೆ. ಏಕೆಂದರೆ ಠಾಣೆಯ ಒಳಗೆ ನಿಮ್ಮ ಮೊಬೈಲಿಗಿಂತ ಬಲವಾದ ಕ್ಯಾಮೆರಾ ಒಂದು ಇರಬೇಕು. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಅಳವಡಿಸಲು ಆದೇಶಿಸಿದೆ. ಒಳಬರುವ ಮತ್ತು ಹೊರಹೋಗುವ ದಾರಿಗಳು, ಮುಖ್ಯದ್ವಾರ, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೋಣೆ, ಶೌಚಾಲಯದ ಹೊರಭಾಗ, ಠಾಣೆಯ ಹಿಂಭಾಗ, ಹೀಗೆ ಯಾವ ಜಾಗವೂ ಕಣ್ತಪ್ಪದಂತೆ ಪಟ್ಟಿಯನ್ನೇ ಕೊಟ್ಟಿದೆ. ಚಿತ್ರದ ಜೊತೆ ಧ್ವನಿಯೂ ದಾಖಲಾಗಬೇಕು, ಕತ್ತಲಲ್ಲೂ ಕಾಣಬೇಕು, ದೃಶ್ಯವನ್ನು 18 ತಿಂಗಳು, ಅದಕ್ಕೆ ತಕ್ಕ ಉಪಕರಣ ದೊರೆಯದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ಕ್ಯಾಮೆರಾ ಇದೆಯೆಂದು ತಿಳಿಸುವ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕು, ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿಯೇ ಹೊಣೆ.

ಆದೇಶಕ್ಕೂ ಗೋಡೆಯ ಮೇಲಿನ ಕ್ಯಾಮೆರಾಗೂ ಅಂತರವಿದೆ ಎಂಬುದನ್ನು ಮರೆಯಬಾರದು. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂ ಠಾಣೆಯಲ್ಲಿ ಹಿಂಸೆಗೊಳಗಾಗಿ ತಂದೆ ಮಗ ಇಬ್ಬರೂ ಸತ್ತ ಪ್ರಕರಣದಲ್ಲಿ, ತನಿಖೆಗೆ ಹೋದ ಮ್ಯಾಜಿಸ್ಟ್ರೇಟ್, ಠಾಣೆಯ ಸಿಸಿಟಿವಿ ದೃಶ್ಯಗಳು ದಿನದಿನವೂ ತಾವಾಗಿಯೇ ಅಳಿಸಿಹೋಗುವಂತೆ ಹೊಂದಿಸಿದ್ದುದನ್ನು ದಾಖಲಿಸಿದರು. ತಂದೆಯನ್ನು ಹಿಡಿದೊಯ್ದ ರಾತ್ರಿ ಅವರ ಅಂಗಡಿಯ ಬೀದಿಯಲ್ಲಿ ಏನಾಯಿತೆಂಬ ಪೊಲೀಸರ ಹೇಳಿಕೆಯನ್ನು ಪ್ರಶ್ನಿಸಲು ನೆರವಾದದ್ದು ಅಕ್ಕಪಕ್ಕದ ಖಾಸಗಿ ಕ್ಯಾಮೆರಾದ ದೃಶ್ಯ. ಠಾಣೆಗಳ ಕ್ಯಾಮೆರಾಗಳು ಕೆಲಸ ಮಾಡದಿರುವ ಬಗ್ಗೆ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಗಿ ಬಂತು. ಆದ್ದರಿಂದಲೇ ನಾಗರಿಕನ ಕೈಯಲ್ಲಿರುವ ಮೊಬೈಲಿಗೆ ಬೆಲೆ.

ನಿಮ್ಮ ಮೇಲೆ ಬೀಳಬಹುದಾದ ಕಲಮುಗಳು

ಚಿತ್ರೀಕರಣ ಅಪರಾಧವಲ್ಲದಿದ್ದರೂ ಚಿತ್ರೀಕರಿಸುವವರ ಮೇಲೆ ಪ್ರಕರಣ ದಾಖಲಾಗುವುದಿಲ್ಲ ಎಂದಲ್ಲ. ಸಾಮಾನ್ಯವಾಗಿ ಬರುವ ಬೆದರಿಕೆ ‘ಕರ್ತವ್ಯಕ್ಕೆ ಅಡ್ಡಿ’. ಅದರಲ್ಲಿ ಎರಡು ಬಗೆಯಿದೆ, ಎರಡನ್ನೂ ಬಿಡಿಸಿ ತಿಳಿದಿರಬೇಕು.

ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು, ಅಂದರೆ ಹಳೆಯ ದಂಡ ಸಂಹಿತೆಯ 353, ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಹಲ್ಲೆ ಅಥವಾ ಅಪರಾಧಿಕ ಬಲಪ್ರಯೋಗ ಮಾಡುವುದಕ್ಕೆ ಎರಡು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಹಲ್ಲೆಯೂ ಬಲಪ್ರಯೋಗವೂ ಇಲ್ಲದೆ ದೂರದಲ್ಲಿ ಸುಮ್ಮನೆ ನಿಂತು ಮೊಬೈಲ್ ಹಿಡಿದವನಿಗೆ ಈ ಕಲಮು ಅನ್ವಯಿಸುವುದಿಲ್ಲ. ಆದರೆ ಮೊಬೈಲ್ ಕಸಿಯಲು ಬಂದ ಕೈಯನ್ನು ನೀವು ತಳ್ಳಿದ ಕ್ಷಣ ವಾದಕ್ಕೊಂದು ಎಡೆ ಸಿಕ್ಕಿಬಿಡುತ್ತದೆ. 221ನೇ ಕಲಮು, ಹಳೆಯ 186, ಬರೀ ಅಡ್ಡಿಪಡಿಸುವುದಕ್ಕೆ ಸಂಬಂಧಿಸಿದ್ದು; ಶಿಕ್ಷೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದರಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಅಂಶವಿದೆ: ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 215ನೇ ಕಲಮಿನ ಪ್ರಕಾರ, ಸಂಬಂಧಪಟ್ಟ ನೌಕರ ಅಥವಾ ಅವರ ಮೇಲಧಿಕಾರಿ ನ್ಯಾಯಾಲಯಕ್ಕೆ ಲಿಖಿತ ದೂರು ಕೊಡದ ಹೊರತು ನ್ಯಾಯಾಲಯ ಈ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಮಾಮೂಲಿ ದೋಷಾರೋಪ ಪಟ್ಟಿ ಸಾಲದು.

ಇವು ಪೊಲೀಸರ ಬಾಯಲ್ಲಿ ಬರುವ ಕಲಮುಗಳಾದವು. ನಿಜವಾಗಿಯೂ ನೀವು ಅಂಜಬೇಕಾದ ಗೆರೆಗಳು ಬೇರೆ ಇವೆ, ಮತ್ತು ಅವು ಇರುವುದು ಪೊಲೀಸರ ರಕ್ಷಣೆಗಾಗಿ ಅಲ್ಲ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಮಕ್ಕಳ ವಿಷಯದಲ್ಲಿ, ಮಗು ಸಂತ್ರಸ್ತವಾಗಿರಲಿ ಆರೋಪಿಯಾಗಿರಲಿ, ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ಮತ್ತು ಪೋಕ್ಸೊ ಕಾಯ್ದೆಯ 23ನೇ ಕಲಮು ಗುರುತನ್ನು ಕಾಪಾಡುತ್ತವೆ. ನ್ಯಾಯಾಲಯದ ಸಭಾಂಗಣದೊಳಗೆ, ಸೇನಾ ಪ್ರದೇಶದಲ್ಲಿ ಮೊಬೈಲ್ ಎತ್ತಬೇಡಿ. ಅಪಘಾತದ ಸ್ಥಳದಲ್ಲಿ ಪೊಲೀಸರು ಗಾಯಾಳುವನ್ನು ಎತ್ತುತ್ತಿರುವಾಗ ದಾರಿಗೆ ಅಡ್ಡ ನಿಂತು ವಿಡಿಯೊ ಮಾಡುವವರನ್ನು ಅವರು ಗದರಿದರೆ ನಾನು ಪೊಲೀಸರ ಪಕ್ಷವೇ.

ಚಿತ್ರೀಕರಿಸುವ ಕ್ರಮ

ದೂರ ಎಷ್ಟಿರಬೇಕೆಂದು ಕಾನೂನು ಅಡಿಲೆಕ್ಕದಲ್ಲಿ ಹೇಳಿಲ್ಲ. ಹತ್ತು ಹದಿನೈದು ಅಡಿ ಎಂಬುದು ನನ್ನ ಅನುಭವದ ಅಳತೆ. ಅಲ್ಲಿಂದ ಮಾತು ಕೇಳಿಸುತ್ತದೆ, ಮುಖ ಕಾಣಿಸುತ್ತದೆ, ನೀವು ಯಾರ ಕೈಗೂ ಅಡ್ಡ ಬರುವುದಿಲ್ಲ. ‘ಹಿಂದೆ ಸರಿಯಿರಿ’ ಎಂದರೆ ವಾದಿಸದೆ ಎರಡು ಹೆಜ್ಜೆ ಸರಿಯಿರಿ, ಸರಿಯುತ್ತಲೇ ‘ಸರ್, ಹಿಂದೆ ಸರಿದಿದ್ದೇನೆ’ ಎಂದು ಕೇಳಿಸುವಂತೆ ಹೇಳಿ. ಈ ಒಂದು ವಾಕ್ಯ ವಿಡಿಯೊದಲ್ಲಿ ಉಳಿದರೆ ಆಮೇಲೆ ಅಡ್ಡಿಪಡಿಸಿದ ಆರೋಪಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಾಗುವುದಿಲ್ಲ.

ಮೊಬೈಲನ್ನು ಅಡ್ಡವಾಗಿ ಎದೆಯ ಎತ್ತರದಲ್ಲಿ ಹಿಡಿಯಿರಿ. ಮುಚ್ಚಿಟ್ಟುಕೊಂಡು ತೆಗೆಯುವುದಕ್ಕಿಂತ ಎಲ್ಲರಿಗೂ ಕಾಣುವಂತೆ ತೆಗೆಯುವುದೇ ಬೀದಿಯಲ್ಲಿ ಕ್ಷೇಮ. ಮೊದಲಿಗೆ ಸುತ್ತಲಿನ ಅಂಗಡಿಯ ಫಲಕವನ್ನೋ ಬಸ್ ನಿಲ್ದಾಣದ ಹೆಸರನ್ನೋ ಒಮ್ಮೆ ಹಿಡಿದು, ದಿನಾಂಕ, ಸಮಯ, ಸ್ಥಳವನ್ನು ನಿಮ್ಮದೇ ದನಿಯಲ್ಲಿ ಹೇಳಿ. ಆಮೇಲೆ ಎದೆಯ ಮೇಲಿನ ನಾಮಫಲಕ, ಗಸ್ತು ವಾಹನವಿದ್ದರೆ ಅದರ ನೋಂದಣಿ ಸಂಖ್ಯೆ. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತೆ ಇರಬೇಕೆಂಬುದು 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ನಿಯಮ. ಈಗ ಅದು ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೇ ಇದೆ. ನಾಮಫಲಕ ಇಲ್ಲದಿದ್ದರೆ ‘ಸರ್, ತಮ್ಮ ಹೆಸರು ಮತ್ತು ಹುದ್ದೆ ತಿಳಿಸಬಹುದೇ’ ಎಂದು ಒಮ್ಮೆ ಕೇಳಿ, ಉತ್ತರ ಬಾರದಿದ್ದರೆ ಅದೂ ದಾಖಲಾಯಿತೆಂದುಕೊಂಡು ಸುಮ್ಮನಾಗಿ.

ಟೀಕೆ, ವ್ಯಂಗ್ಯ, ‘ನಿಮ್ಮನ್ನ ಸಸ್ಪೆಂಡ್ ಮಾಡಿಸ್ತೀನಿ’ ಎಂಬ ಆರ್ಭಟ ಯಾವುದೂ ಬೇಡ. ನ್ಯಾಯಾಲಯದಲ್ಲಿ ಆ ವಿಡಿಯೊ ಓಡುವಾಗ ನ್ಯಾಯಾಧೀಶರಿಗೆ ಮೊದಲು ಕೇಳಿಸುವುದು ಕ್ಯಾಮೆರಾಗೆ ಅತಿ ಹತ್ತಿರವಿರುವ ದನಿ, ಅಂದರೆ ನಿಮ್ಮದು. ಕಕ್ಷಿದಾರರೊಬ್ಬರ ಒಳ್ಳೆಯ ವಿಡಿಯೊ ಅವರದೇ ಬೈಗುಳದಿಂದ ನಿಷ್ಪ್ರಯೋಜಕವಾದದ್ದನ್ನು ನಾನು ಕಂಡಿದ್ದೇನೆ: ಲಾಠಿ ಬೀಸಿದ್ದು ಎರಡು ಸೆಕೆಂಡ್, ಬೈದದ್ದು ಎರಡು ನಿಮಿಷ.

ಮನೆಯ ಶೋಧನೆಗೆ ಪೊಲೀಸರು ಬಂದಾಗ ಸ್ಥಿತಿ ನಿಮಗೆ ಇನ್ನಷ್ಟು ಅನುಕೂಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸುರಕ್ಷಾ ಸಂಹಿತೆಯ 105ನೇ ಕಲಮು, ಶೋಧನೆ ಮತ್ತು ವಶಪಡಿಸಿಕೊಳ್ಳುವ ಇಡೀ ಪ್ರಕ್ರಿಯೆಯನ್ನು, ಪಟ್ಟಿ ತಯಾರಿಸಿ ಸಾಕ್ಷಿಗಳ ಸಹಿ ಹಾಕಿಸುವುದೂ ಸೇರಿ, ಪೊಲೀಸರೇ ಧ್ವನಿ ಮತ್ತು ದೃಶ್ಯ ರೂಪದಲ್ಲಿ, ಮೊಬೈಲ್ ಫೋನಿನಲ್ಲಾದರೆ ಒಳ್ಳೆಯದು, ದಾಖಲಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು ಎನ್ನುತ್ತದೆ. ‘ಸರ್, 105ರ ಪ್ರಕಾರ ತಾವು ರೆಕಾರ್ಡ್ ಮಾಡುತ್ತಿದ್ದೀರಲ್ಲವೇ, ನಾನೂ ಒಂದು ಮಾಡಿಟ್ಟುಕೊಳ್ಳುತ್ತೇನೆ’ ಎಂದರೆ ಅದಕ್ಕೆ ಮರುಮಾತು ಕಷ್ಟ.

ಲಂಚ ಕೇಳುವ ಮಾತನ್ನು ಧ್ವನಿಮುದ್ರಿಸುವುದು ಇನ್ನೊಂದು ಸಂದರ್ಭ. ನೀವೇ ಪಾಲ್ಗೊಂಡ ಮಾತುಕತೆಯನ್ನು ನೀವೇ ಮುದ್ರಿಸಿಕೊಳ್ಳುವುದನ್ನು ನಮ್ಮಲ್ಲಿ ಯಾವ ಕಾನೂನೂ ಅಪರಾಧವೆಂದಿಲ್ಲ. ಧ್ವನಿಮುದ್ರಿತ ಸಂಭಾಷಣೆ ಸಾಕ್ಷ್ಯವಾಗಬಲ್ಲದು ಎಂದು 1972ರ ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಲಂಚದ ಪ್ರಕರಣವೇ. ಆದರೆ ಹಣ ಕೊಟ್ಟು ವಿಡಿಯೊ ಮಾಡುವ ಸಾಹಸ ಬೇಡ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಮಣಿದು ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಬೇಕು. ಕೇಳಿದ ಮಾತಷ್ಟನ್ನೇ ಮುದ್ರಿಸಿಕೊಂಡು ಹಣ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗುವುದು ಸರಿಯಾದ ದಾರಿ.

‘ಫೋನ್ ಕೊಡಿ ಇಲ್ಲಿ’

ಹೆಚ್ಚಿನವರು ಸೋಲುವುದು ಈ ಘಟ್ಟದಲ್ಲಿ. ಕೈ ಚಾಚಿದ ಕೂಡಲೇ ಕೊಟ್ಟುಬಿಡುತ್ತೇವೆ, ಅವರು ಗ್ಯಾಲರಿ ತೆರೆದು ಅಳಿಸಿ ಹಿಂದಿರುಗಿಸುತ್ತಾರೆ. ಕೊಟ್ಟದ್ದು ನಾವೇ ಆದ್ದರಿಂದ ಕಸಿದರೆಂದು ಹೇಳಲೂ ಆಗುವುದಿಲ್ಲ.

ಆದ್ದರಿಂದ ಮೊದಲು ಕೇಳಬೇಕಾದದ್ದು ಇದು: ‘ಸರ್, ತಾವು ಇದನ್ನು ವಶಪಡಿಸಿಕೊಳ್ಳುತ್ತಿದ್ದೀರಾ? ಹಾಗಾದರೆ ಮಹಜರು ಮಾಡಿ ಪ್ರತಿ ಕೊಡಿ.’ ಸುರಕ್ಷಾ ಸಂಹಿತೆಯ 106ನೇ ಕಲಮಿನಡಿ, ಕಳವಿನದೆಂಬ ಅಥವಾ ಅಪರಾಧ ನಡೆದಿದೆಯೆಂಬ ಸಂಶಯ ಹುಟ್ಟಿಸುವ ಸಂದರ್ಭದಲ್ಲಿ ಸಿಕ್ಕ ವಸ್ತುವನ್ನು ಪೊಲೀಸರು ವಶಪಡಿಸಿಕೊಳ್ಳಬಹುದು. ಆ ಅಧಿಕಾರ ಇದೆ. ಆದರೆ ವಶಪಡಿಸಿಕೊಂಡದ್ದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು, ಠಾಣೆಯಲ್ಲಿ ಪಿ.ಎಫ್. (ವಶಪಡಿಸಿಕೊಂಡ ಸ್ವತ್ತಿನ ನಮೂನೆ) ಸಂಖ್ಯೆ ಬೀಳಬೇಕು, 105ರಂತೆ ರೆಕಾರ್ಡಿಂಗ್ ಆಗಬೇಕು. ಇಷ್ಟೂ ಕೆಲಸ ಮಾಡಲು ಸಿದ್ಧವಿರುವ ಅಧಿಕಾರಿ ಕೊನೆಗೂ ಕಾನೂನಿನ ಒಳಗೇ ಇದ್ದಾರೆ, ಫೋನನ್ನು ಬಿಡಿಸಿಕೊಳ್ಳಲು 497 ಅಥವಾ 503ನೇ ಕಲಮಿನಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಸಿದ್ಧವಿಲ್ಲದವರು ಸಾಮಾನ್ಯವಾಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಬಲವಂತವಾಗಿ ಕಸಿದರೆ ಎಳೆದಾಡಬೇಡಿ. ‘ನಾನು ಒಪ್ಪಿ ಕೊಡುತ್ತಿಲ್ಲ’ ಎಂದು ಸುತ್ತಲಿನವರಿಗೆ ಕೇಳುವಂತೆ ಹೇಳಿ ಬಿಟ್ಟುಬಿಡಿ, ಪಕ್ಕದಲ್ಲಿದ್ದ ಒಬ್ಬಿಬ್ಬರ ಹೆಸರು, ಫೋನ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅವರು ವಿಡಿಯೊ ಅಳಿಸಿದರೆ ಅದು ಅವರ ಪಾಲಿಗೆ ಸಣ್ಣ ವಿಷಯವಲ್ಲ: ಸಾಕ್ಷ್ಯವಾಗಿ ಹಾಜರಾಗದಂತೆ ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸುವುದು ನ್ಯಾಯ ಸಂಹಿತೆಯ 241ನೇ ಕಲಮಿನಡಿ ಶಿಕ್ಷಾರ್ಹ.

ಪಾಸ್‌ವರ್ಡ್ ವಿಷಯದಲ್ಲಿ ನಮ್ಮದೇ ಹೈಕೋರ್ಟಿನ ತೀರ್ಪಿದೆ. ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡುವುದೂ ಬಿಡುವುದೂ ಆ ವ್ಯಕ್ತಿಗೆ ಬಿಟ್ಟದ್ದು, ಕೊಡದಿದ್ದರೆ ಅಧಿಕಾರಿ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು ಎಂದಿತು; ತುರ್ತು ಸಂದರ್ಭದಲ್ಲಿ ವಾರಂಟ್ ಇಲ್ಲದೆ ಶೋಧಿಸಿದರೆ ಕಾರಣವನ್ನು ಬರೆದಿಡಬೇಕು. ಅದೇ ತೀರ್ಪು, ನ್ಯಾಯಾಲಯವೇ ಆದೇಶಿಸಿದ ಮೇಲೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗದು ಎಂದೂ ಹೇಳಿದೆ ಎಂಬುದನ್ನು ಮರೆಮಾಚಬಾರದು. ರಸ್ತೆಬದಿಯಲ್ಲಿ ನಿಂತು ‘ಲಾಕ್ ತೆಗೀರಿ’ ಎನ್ನುವುದಕ್ಕೆ ಮಾತ್ರ ಇದರಲ್ಲಿ ಆಧಾರವಿಲ್ಲ. ಬೆರಳಚ್ಚಿನ ಲಾಕ್‌ಗಿಂತ ಅಂಕಿಗಳ ಲಾಕ್ ಈ ದೃಷ್ಟಿಯಿಂದ ಮೇಲು. ಬೆರಳನ್ನು ಹಿಡಿದು ಒತ್ತಿಸಬಹುದು, ತಲೆಯೊಳಗಿನ ಅಂಕಿಯನ್ನು ಹಾಗೆ ತೆಗೆಯಲಾಗದು.

ವಿಡಿಯೊವನ್ನು ಸಾಕ್ಷ್ಯವಾಗಿ ಉಳಿಸುವುದು

ತೆಗೆದ ಮೂಲ ಕಡತಕ್ಕೆ ಕೈ ಹಚ್ಚಬೇಡಿ. ಕತ್ತರಿಸುವುದು, ಹಾಡು ಸೇರಿಸುವುದು, ಮುಖಕ್ಕೆ ಕೆಂಪು ಸುತ್ತು ಹಾಕುವುದು, ಎಲ್ಲವನ್ನೂ ಪ್ರತಿಯ ಮೇಲೆ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ವಿಡಿಯೊ ಕುಗ್ಗಿ ಬೇರೆಯದೇ ಕಡತವಾಗುತ್ತದೆ. ಕಳುಹಿಸಲೇಬೇಕಿದ್ದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ. ಅಂದೇ ಗೂಗಲ್ ಡ್ರೈವ್‌ಗೋ ಪೆನ್‌ಡ್ರೈವ್‌ಗೋ ಮೂಲವನ್ನು ಇದ್ದಂತೆಯೇ ಏರಿಸಿಡಿ. ಅಳಿಸಿಹೋಗಿದ್ದರೆ ಗ್ಯಾಲರಿಯ ಕಸದಬುಟ್ಟಿಯನ್ನು ನೋಡಿ, ಎಷ್ಟೋ ಫೋನ್‌ಗಳಲ್ಲಿ ಕೆಲವು ವಾರ ಅದು ಅಲ್ಲೇ ಇರುತ್ತದೆ.

ನ್ಯಾಯಾಲಯಕ್ಕೆ ಪ್ರತಿಯನ್ನು ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಇದೇ. ಹೊಸ ನಮೂನೆಯಲ್ಲಿ ಎರಡು ಭಾಗ: ಒಂದನ್ನು ಸಾಧನದ ಮಾಲೀಕ ಅಥವಾ ಅದನ್ನು ನಿರ್ವಹಿಸುವವರು, ಮತ್ತೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಎಂದುಕೊಳ್ಳಿ. ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. 2020ರ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ತೀರ್ಪಿನಂತೆ, ಚಿತ್ರೀಕರಿಸಿದ ಮೊಬೈಲನ್ನೇ ಅದರ ಮಾಲೀಕ ಸಾಕ್ಷಿಕಟ್ಟೆಗೆ ತಂದು ರುಜುವಾತುಪಡಿಸಿದರೆ ಪ್ರಮಾಣಪತ್ರದ ಅಗತ್ಯವಿಲ್ಲ. ಹಾಗಾಗಿ ಪ್ರಕರಣ ಮುಗಿಯುವವರೆಗೆ ಆ ಹಳೆಯ ಫೋನನ್ನು ಎಕ್ಸ್‌ಚೇಂಜ್ ಕೊಡುಗೆಗೆ ಹಾಕಬೇಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ದೀಪಾವಳಿಯ ಕೊಡುಗೆಯಲ್ಲಿ ಸಾಕ್ಷ್ಯ ಕೊಟ್ಟು ಬಂದವರಿದ್ದಾರೆ.

ಜಾಲತಾಣಕ್ಕೆ ಹಾಕುವುದು ನಿಮ್ಮ ಸ್ವಾತಂತ್ರ್ಯ. ಆದರೆ ಮೊದಲು ದೂರು, ಆಮೇಲೆ ಫೇಸ್‌ಬುಕ್ ಎಂಬ ಕ್ರಮ ಒಳ್ಳೆಯದು. ವಿಡಿಯೊದಲ್ಲಿ ಕಾಣುವುದಷ್ಟನ್ನೇ ಶೀರ್ಷಿಕೆಯಲ್ಲಿ ಬರೆಯಿರಿ. ಹೊಡೆದದ್ದು ಕಂಡಿದ್ದರೆ ಹೊಡೆದರು ಎನ್ನಿ, ‘ಲಂಚ ತಿಂದು ಹೊಡೆದರು’ ಎಂದರೆ ಅದು ವಿಡಿಯೊದಲ್ಲಿ ಇರಬೇಕಾಗುತ್ತದೆ, ಇಲ್ಲದಿದ್ದರೆ 356ನೇ ಕಲಮಿನ ಮಾನಹಾನಿಗೆ ದಾರಿ.

ದೂರು ಮತ್ತು ಠಾಣೆಯ ದೃಶ್ಯದ ಪ್ರತಿ

ಠಾಣೆಯಲ್ಲಿ ದೂರು ಕೊಟ್ಟರೆ ಸ್ವೀಕೃತಿ ಪಡೆಯಿರಿ, ದೂರು ತೆಗೆದುಕೊಳ್ಳಲು ನಿರಾಕರಿಸಿದರೆ ಹಿಂಬರಹ ಕೊಡಿ ಎಂದು ಕೇಳಿ. ಸುರಕ್ಷಾ ಸಂಹಿತೆಯ 173(4)ರಂತೆ ದೂರನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ, ಅಲ್ಲೂ ಆಗದಿದ್ದರೆ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಕರ್ತವ್ಯದ ವೇಳೆಯ ನಡೆಯ ಬಗ್ಗೆ ಸರ್ಕಾರಿ ನೌಕರನ ಮೇಲಿನ ದೂರಾದರೆ 175(4)ರಂತೆ ಮ್ಯಾಜಿಸ್ಟ್ರೇಟರು ಮೊದಲು ಮೇಲಧಿಕಾರಿಯ ವರದಿ ತರಿಸಿಕೊಳ್ಳುತ್ತಾರೆ, ಆದ್ದರಿಂದ ತಡವಾಗುತ್ತದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ ಬಂದ ಪೊಲೀಸ್ ದೂರು ಪ್ರಾಧಿಕಾರವಿದೆ, ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಹೋಗಬೇಕು.

ಇವೆಲ್ಲಕ್ಕಿಂತ ಮೊದಲು, ಸಾಧ್ಯವಾದರೆ ಮರುದಿನವೇ, ಮಾಡಬೇಕಾದ ಕೆಲಸ ಒಂದಿದೆ: ಠಾಣೆಯ ಸಿಸಿಟಿವಿ ದೃಶ್ಯವನ್ನು ಉಳಿಸಿಡಿ ಎಂದು ಬರೆದುಕೊಡುವುದು. ಹಾಳೆಯೊಂದರಲ್ಲಿ ಠಾಣಾಧಿಕಾರಿಯವರಿಗೆ ಎಂದು ಬರೆದು, ‘ದಿನಾಂಕ ಇಂತಿಷ್ಟರಂದು ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ನಾನು ತಮ್ಮ ಠಾಣೆಯಲ್ಲಿದ್ದೆ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2.12.2020ರಂದು ನೀಡಿದ ಆದೇಶದಂತೆ ಆ ಅವಧಿಯ ಎಲ್ಲ ಕ್ಯಾಮೆರಾಗಳ ದೃಶ್ಯ ಮತ್ತು ಧ್ವನಿಯನ್ನು ಅಳಿಸದೆ ಕಾಯ್ದಿರಿಸಿ, ಪ್ರತಿಯನ್ನು ಒದಗಿಸಬೇಕಾಗಿ ಕೋರುತ್ತೇನೆ’ ಎಂದಷ್ಟೇ ಬರೆಯಿರಿ. ಬೆಂಗಳೂರಿನಲ್ಲಿ ಸಂಚಾರ ಪೊಲೀಸರ ಬಾಡಿ ಕ್ಯಾಮೆರಾ ಎದುರು ನಡೆದ ಮಾತುಕತೆಯಾದರೆ ಅದರ ದೃಶ್ಯವನ್ನೂ ಹೀಗೆಯೇ ಕೇಳಿ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿಯನ್ನೂ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನದ ಗಡುವು, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ತನಿಖೆಗೆ ಅಡ್ಡಿಯಾಗುತ್ತದೆ ಎಂಬ ಕಾರಣ ಕೊಟ್ಟು ನಿರಾಕರಿಸಿದರೆ ಮೇಲ್ಮನವಿ ಹಾಕಿ.

ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ದಿನಾಂಕ, ಪಡೆದವರ ಸಹಿ ಹಾಕಿಸಿಕೊಳ್ಳಿ. ಠಾಣೆಯ ಬರಹಗಾರರು (ರೈಟರ್) ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಎಂದರೆ ವಾದಿಸದೆ ಹೊರಬಂದು, ಹತ್ತಿರದ ಅಂಚೆ ಕಚೇರಿಯಿಂದ ಅದೇ ಅರ್ಜಿಯನ್ನು ಠಾಣೆಗೂ ಎಸ್‌ಪಿ ಕಚೇರಿಗೂ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ, ರಸೀದಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಅಂಚೆಯ ರಸೀದಿಯ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ.